ಶೋಕಿಗೂ ಒಂದು ಲೆಕ್ಕ ಇರಲಿ

ಭತ್ತದ ಪಟ್ಟಿಯ ದುಡ್ಡು ಕೈಗೆ ಬಂದದ್ದೇ ಮರ್ಸಿಡಿಸ್ ಜಿಎಲ್ಎ ಕನಸು ಕಾಣುವವರು ಸಿಂಧನೂರಿನಲ್ಲೂ ಇದ್ದೀರಿ. ತಪ್ಪೇನಿಲ್ಲ. ಆದರೆ 2014ರಲ್ಲಿ ನಮ್ಮ ದೇಶಕ್ಕೆ ಬಂದ ಆ ಗಾಡಿ ಎ-ಕ್ಲಾಸ್ ಹ್ಯಾಚ್‌ಬ್ಯಾಕಿನ ತಳಪಾಯದ್ದೇ. ಗತ್ತು ಮಾತ್ರ ಜೀಪಿನದು. ಮಸ್ಕಿ, ಲಿಂಗಸುಗೂರು ಹಾಯುವ 150ಎ ಹೆದ್ದಾರಿಯಲ್ಲಿ ಯಾವ ಕಾರಾದರೂ ಓಡೀತು. ಪರೀಕ್ಷೆ ಇರುವುದು ಹೊಲದ ದಾರಿಯಲ್ಲಿ. ಮಳೆಗೆ ನೆನೆದ ಎರೆಮಣ್ಣು ಟೈರಿಗೆ ಮೆತ್ತಿಕೊಂಡರೆ ಚಕ್ರ ತಿರುಗುತ್ತದೆ, ಗಾಡಿ ಕದಲುವುದಿಲ್ಲ, ಎಳೆಯಲು ಟ್ರ್ಯಾಕ್ಟರೇ ಬರಬೇಕು (ನೋಡಲು ಊರೂ ಬರುತ್ತದೆ!). ಮಾರುವಾಗಿನ ಮಾತೂ ಇದೆ: ಜಿಎಲ್ಎ ಜಾತಿಯದೇ ಆದ ವೋಲ್ವೊ ವಿ40 ಕ್ರಾಸ್ ಕಂಟ್ರಿ 2013ರಲ್ಲಿ ಬಂತು, 2019ಕ್ಕೆ ತಯಾರಿಕೆಯೇ ನಿಂತಿತು. ಅಪರೂಪದ ಮಾದರಿಗೆ ಮುಂದೆ ಗಿರಾಕಿಯೂ ಅಪರೂಪ. ಕೊಳ್ಳಲೇಬೇಕೆಂದರೆ, ಮುಂಗಡ ಕೊಡುವ ಮುನ್ನ ಡಿಕ್ಕಿ ತೆಗೆಸಿ ಸ್ಟೆಪ್ನಿ ಇದೆಯೇ ನೋಡಿ. ಸರ್ವಿಸಿಗೆ ಯಾವ ಊರಿಗೆ ಹೋಗಬೇಕೆಂದು ಕೇಳಿ.