ಕರಿ ಮಡಕೆಯ ಮೇಲೆ ಕರಡಿಯ ಹೆಜ್ಜೆ

ಅಮೆರಿಕ ದೇಶದಲ್ಲಿ ನ್ಯೂ ಮೆಕ್ಸಿಕೊ ಎಂಬ ರಾಜ್ಯವಿದೆ. ಅಲ್ಲಿ ಮಳೆ ಕಡಿಮೆ. ಆ ರಾಜ್ಯದಲ್ಲಿ ಸಾಂಟಾ ಕ್ಲಾರಾ ಎಂಬ ಊರಿದೆ. ಅಲ್ಲಿರುವವರು ಪ್ಯೂಬ್ಲೊ ಜನ. ಇವರು ಅಮೆರಿಕದ ಮೂಲ ನಿವಾಸಿಗಳು. ಈ ಊರಿನ ಕರಿ ಮಡಕೆ ಬಹಳ ಹೆಸರುವಾಸಿ.

ಮಡಕೆ ಮಾಡುವ ವಿದ್ಯೆ ಇಲ್ಲಿ ಹೆಚ್ಚಾಗಿ ಹೆಂಗಸರದು. ಅವರಿಗೆ ತಿಗರಿ ಬೇಡ. ಮಣ್ಣು ಅಗೆಯುವ ಮುಂಚೆ ಮಣ್ಣು ತಾಯಿಯನ್ನು ಬೇಡಿಕೊಳ್ತಾರೆ. ಮಣ್ಣು ಹದ ಮಾಡಿ, ಹಗ್ಗದ ಹಾಗೆ ಹೊಸೀತಾರೆ. ಸುತ್ತಿನ ಮೇಲೆ ಸುತ್ತು ಇಟ್ಟು ಮಡಕೆ ಏರಿಸ್ತಾರೆ. ಸ್ವಲ್ಪ ಆರಿದ ಮೇಲೆ ಚಿತ್ತಾರ ಕೆತ್ತುತ್ತಾರೆ. ನಂತರ ತೆಳ್ಳನೆಯ ಕೆಮ್ಮಣ್ಣು ಬಳಿದು, ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಆ ಕಲ್ಲು ತಾಯಿಯಿಂದ ಮಗಳಿಗೆ ಬರುವ ಆಸ್ತಿ. ಉಜ್ಜುವುದನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ಬಿಟ್ಟರೆ ಹೊಳಪು ಕೆಡುತ್ತದೆ.

ಮಡಕೆಗೆ ಕಪ್ಪು ಹೇಗೆ ಬಂತು? ಅದು ಬಳಿದ ಬಣ್ಣ ಅಲ್ಲ. ಸುಡುವಾಗ ಉರಿಯ ಮೇಲೆ ಕುದುರೆ ಲದ್ದಿಯ ಪುಡಿ ಸುರೀತಾರೆ. ಒಳಗೆ ಗಾಳಿ ಆಡುವುದಿಲ್ಲ. ಹೊಗೆ ಕಟ್ಟುತ್ತದೆ. ಕೆಂಪಾಗಬೇಕಾದ ಮಡಕೆ ಕಪ್ಪಾಗುತ್ತದೆ. ಕೆಲವು ಸಲ ಮಡಕೆ ಬೆಂಕಿಯಲ್ಲೇ ಸೀಳುತ್ತದೆ. ವಾರಗಟ್ಟಲೆ ದುಡಿದದ್ದು ಒಂದೇ ಗಳಿಗೆಯಲ್ಲಿ ಹಾಳು!

ಮೇಲಿನ ಚಿತ್ತಾರ ಬರೀ ಅಂದಕ್ಕಲ್ಲ. ಅದಕ್ಕೆ ಅರ್ಥವಿದೆ. ಹಿಂದೆ ಬರಗಾಲ ಬಂದಾಗ ಒಂದು ಕರಡಿ ಜನರಿಗೆ ನೀರಿನ ಜಾಗ ತೋರಿಸಿತಂತೆ. ಅದಕ್ಕೇ ಮಡಕೆಯ ಮೇಲೆ ಕರಡಿಯ ಹೆಜ್ಜೆ. ಇನ್ನೊಂದು ಚಿತ್ತಾರ ಕೊಂಬಿರುವ ಹಾವು. ಅದರ ಹೆಸರು ಅವಾನ್ಯು. ಅದರ ಮೈ ಹರಿಯುವ ನೀರು. ನಾಲಿಗೆ ಮಿಂಚು. ನೀರಿಗಾಗಿ ಕಷ್ಟಪಟ್ಟ ಜನ ನೀರನ್ನು ಮರೆತಿಲ್ಲ.

ಈ ಊರಿನ ಮಾರ್ಗರೆಟ್ ತಫೋಯಾ 1904ರಲ್ಲಿ ಹುಟ್ಟಿದರು. ತಾಯಿ ಸಾರಾ ಫಿನಾ ಅವರಿಂದ ಈ ಕೆಲಸ ಕಲಿತರು. ದೊಡ್ಡ ದೊಡ್ಡ ಗುಡಾಣಗಳನ್ನು ಕೈಯಲ್ಲೇ ಮಾಡಿದರು. 1984ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ಗೌರವ ಸಿಕ್ಕಿತು. 2001ರಲ್ಲಿ ತೀರಿಕೊಂಡರು. ಆದರೆ ವಿದ್ಯೆ ನಿಲ್ಲಲಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದು ದಾಟಿತ್ತು.

ಅಕ್ಕ ತಂಗಿಯರೇ, ಕೈಯಲ್ಲಿರುವ ವಿದ್ಯೆಯೂ ಒಂದು ಓದು. ಕಲಿಸಿದರೆ ಉಳಿಯುತ್ತದೆ. ಕಲಿಸದಿದ್ದರೆ ಒಬ್ಬರ ಜೊತೆಗೇ ಹೋಗುತ್ತದೆ.

ಓದಿ, ಉತ್ತರ ಹೇಳಿ:
1. ಮಡಕೆ ಕಪ್ಪಾಗುವುದು ಹೇಗೆ?
2. ಮಡಕೆಯ ಮೇಲೆ ಕರಡಿಯ ಹೆಜ್ಜೆ ಯಾಕೆ?
3. ನಿಮ್ಮ ತಾಯಿಯಿಂದ ಕಲಿತ ಕೆಲಸ ಯಾವುದು? ಅದನ್ನು ಯಾರಿಗೆ ಕಲಿಸಿದ್ದೀರಿ? ಎರಡು ಸಾಲು ಬರೆಯಿರಿ.