ಪರ್ಮನೆಂಟಾ?

2020ರ ಆಗಸ್ಟ್‌ನಲ್ಲಿ ಮಗನಿಗೆ ಕೆಲಸ ಸಿಕ್ಕಿದ ಸುದ್ದಿ ಹೇಳಲು ಮೈಸೂರಿಗೆ ಫೋನ್ ಮಾಡಿದೆ. ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಅಸಿಸ್ಟೆಂಟ್ ಕೋಚ್ ಅಂದೆ. ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದು, "ಅಂದ್ರೆ ಡ್ರಿಲ್ ಮೇಷ್ಟ್ರು ಅನ್ನು. ಪರ್ಮನೆಂಟಾ?" ಎಂದರು. ಸರ್ಕಾರಿ ನೌಕರಿಯಲ್ಲೇ ತಲೆ ಹಣ್ಣಾದವರ ಪ್ರಶ್ನೆ ಅಂತ ನಾನೂ ನಮ್ಮೆಜಮಾನರೂ ನಕ್ಕೆವು. ಆ ನಗುವಿಗೆ ಎಷ್ಟು ಡಾಲರ್ ತೆತ್ತೆವು ಅನ್ನುವುದೇ ಈ ಸಲದ ಲೆಕ್ಕ.

ಅದು ಉತ್ತರ ಕೆರೊಲಿನಾದ ಒಂದು ಸರ್ಕಾರಿ ವಿಶ್ವವಿದ್ಯಾಲಯ. ಹೆಸರು ಬೇಡ. ಅದಕ್ಕೂ ಮುಂಚೆ ಮಗ ಬೇರೆ ಕಡೆ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿದ್ದ. ಎಂ.ಎ. ಫೀಸು ಮಾಫಿ, ತಿಂಗಳಿಗೆ ಸಾವಿರ ಡಾಲರ್ ಕೈಗೆ, ಮೂವರು ಹುಡುಗರ ಜೊತೆ ಒಂದು ಮನೆ. ರಾತ್ರಿ ಎರಡರ ತನಕ ಎದುರಾಳಿ ತಂಡದ ವಿಡಿಯೊ ತುಂಡರಿಸಿ ಜೋಡಿಸುವುದು. ಹಾಗಾಗಿ 58,000 ಡಾಲರ್ ಸಂಬಳ ಅಂದಾಗ ಮನೆಯಲ್ಲಿ ಪಾಯಸ ಮಾಡಿದೆ.

ಕೆಲಸ ಏನು ಅಂತ ಕೇಳಿದರೆ ಒಂದು ದೀಪಾವಳಿ ನೆನಪಾಗುತ್ತದೆ. ಸೀಸನ್ ಶುರುವಾಗುವುದೇ ನವೆಂಬರ್ ಆರಂಭದಲ್ಲಿ, ಆದ್ದರಿಂದ ಅವನು ಹಬ್ಬಕ್ಕೆ ಬಂದದ್ದು ಒಂದೇ ಸಲ. ಬಲಗೈಯಲ್ಲಿ ಹೋಳಿಗೆ, ಎಡಗೈಯಲ್ಲಿ ಫೋನು. ಯಾವನೋ ಹದಿನೇಳರ ಹುಡುಗನನ್ನು ತಂಡಕ್ಕೆ ಕರೆತರಬೇಕಿತ್ತು, ಅದಕ್ಕೆ ಅವನ ಅಮ್ಮನಿಗೆ ಮೆಸೇಜು. ನನ್ನ ಹುಟ್ಟುಹಬ್ಬ ಮರೆಯುವವನು ಆ ಹೆಂಗಸಿನದನ್ನು ತಾರೀಖು ಸಮೇತ ನೆನಪಿಟ್ಟಿದ್ದ.

ಸಂಬಳ ಕಮ್ಮಿ ಅಂತ ನಾನು ಗೊಣಗುತ್ತಿರಲಿಲ್ಲ. ಈ ವೃತ್ತಿ ಇನ್ನೂ ಕಷ್ಟದ ದಿನ ಕಂಡಿದೆ. 1990ರ ದಶಕದಲ್ಲಿ ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ, ತಂಡದ ಒಬ್ಬ ಕೋಚ್‌ನ ಗಳಿಕೆ ವರ್ಷಕ್ಕೆ 16,000 ಡಾಲರ್ ಮೀರಬಾರದು ಅಂತ ನಿಯಮವನ್ನೇ ಮಾಡಿತ್ತು. ಕೋಚ್‌ಗಳು ಕೋರ್ಟಿಗೆ ಹೋಗಿ ಗೆದ್ದರು. 1999ರಲ್ಲಿ ಎನ್‌ಸಿಎಎ 5 ಕೋಟಿ 45 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಇವತ್ತು ದೊಡ್ಡ ತಂಡಗಳ ಸಹಾಯಕರು ಲಕ್ಷಗಟ್ಟಲೆ ಡಾಲರ್ ಎಣಿಸುತ್ತಾರೆ, ನಿಜ. ನಮ್ಮದು ದೊಡ್ಡ ತಂಡವಲ್ಲ.

ನಾನು ಎಡವಿದ್ದು ಬೇರೆ ಕಡೆ. ಇಪ್ಪತ್ತು ವರ್ಷ ಆಸ್ಪತ್ರೆಯೊಂದರ ಅಕೌಂಟ್ಸ್ ನೋಡಿಕೊಂಡವಳು ನಾನು. ಆದರೂ ಆಫರ್ ಲೆಟರಿನಲ್ಲಿ ಸಂಬಳದ ಸಾಲನ್ನು ಎರಡು ಸಲ ಓದಿ, ಅದರ ಕೆಳಗಿನ ಸಾಲನ್ನು ಹಾರಿಸಿಬಿಟ್ಟೆ: ಕರಾರಿನ ಅವಧಿ ಜೂನ್ 30ರವರೆಗೆ, ಪ್ರತಿ ವರ್ಷ ನವೀಕರಣ. ಮೂರು ಸಲ ತಾನಾಗಿ ನವೀಕರಣವಾಯಿತಲ್ಲ, ಧೈರ್ಯ ಬಂತು. 2023ರ ಜೂನ್‌ನಲ್ಲಿ ಮಗ ಸೊಸೆ ಮನೆ ಕೊಂಡರು. ಕೊಳ್ಳಿ ಅಂತ ಬಲವಂತ ಮಾಡಿದ್ದು ನಾನೇ. "ಬಾಡಿಗೆ ಕಟ್ಟೋದು ದುಡ್ಡನ್ನ ಹೊಳೆಗೆ ಹಾಕಿದ ಹಾಗೆ ಕಣೋ" ಅಂದೆ. ಆ ವರ್ಷ ಒಬ್ಬರು ಒಬ್ಬರಿಗೆ 17,000 ಡಾಲರ್ ತನಕ ಕೊಟ್ಟರೆ ಗಿಫ್ಟ್ ಟ್ಯಾಕ್ಸ್ ಫಾರಂ ತುಂಬುವ ಗೋಜಿಲ್ಲ. ನಾವಿಬ್ಬರೂ ಹದಿನೈದು ಹದಿನೈದು ಸಾವಿರ ಕೊಟ್ಟೆವು. ಉಳಿದ 2,80,000ಕ್ಕೆ ಶೇ 6.75ರ ಸಾಲ.

2025ರ ಮಾರ್ಚ್‌ನಲ್ಲಿ ತಂಡ ಕಾನ್ಫರೆನ್ಸ್ ಟೂರ್ನಿಯ ಮೊದಲ ಪಂದ್ಯದಲ್ಲೇ ಸೋತಿತು. ಎರಡು ದಿನಕ್ಕೆ ಹೆಡ್ ಕೋಚ್‌ನನ್ನು ತೆಗೆದರು. ಆತನ ಕರಾರಿನಲ್ಲಿ ಇನ್ನೂ ಎರಡು ವರ್ಷ ಬಾಕಿ ಇತ್ತು, ಅದರ ದುಡ್ಡು ಬೈಔಟ್ ಅಂತ ಆತನಿಗೆ ಬರುತ್ತದೆ. ಸಹಾಯಕರಿಗೆ ಜೂನ್ 30ರ ತನಕ ಸಂಬಳ, ಆಮೇಲೆ ಅವರವರ ದಾರಿ. ಹೊಸ ಹೆಡ್ ಕೋಚ್ ಬಂದರೆ ತನ್ನವರನ್ನೇ ಕರೆತರುತ್ತಾನೆ. ಇದು ಯಾರ ದ್ರೋಹವೂ ಅಲ್ಲ, ಈ ಕಸುಬಿನ ರೂಢಿ. ಮಾರ್ಚ್ 30ಕ್ಕೆ ಯುಗಾದಿ. ಲೋಕವೆಲ್ಲ ಹೊಸ ಲೆಕ್ಕ ಬರೆಯುವ ದಿನ ನಾವು ಹಳೆಯದನ್ನು ಬಿಚ್ಚಿ ಕೂತೆವು.

ಏಪ್ರಿಲ್ ಕೊನೆಗೆ ಮನೆ ಮಾರಿದೆವು. ಅಷ್ಟರಲ್ಲಿ ಕಟ್ಟಿದ 22 ಕಂತು ಸೇರಿ ಸುಮಾರು 40,000 ಡಾಲರ್. ಅದರಲ್ಲಿ ಅಸಲಿಗೆ ಸಂದಿದ್ದು 5,600, ಮಿಕ್ಕಿದ್ದೆಲ್ಲ ಬಡ್ಡಿ. ಕೊಂಡದ್ದಕ್ಕಿಂತ ಎಂಟು ಸಾವಿರ ಹೆಚ್ಚಿಗೇ ಹೋಯಿತು, ಆದರೆ ಏಜೆಂಟರ ಕಮಿಷನ್ನು, ನೋಂದಣಿ ಖರ್ಚು ಕಳೆದ ಮೇಲೆ ನಮ್ಮ 30,000ದಲ್ಲಿ ವಾಪಸು ಬಂದದ್ದು 22,600. ಹೊಳೆಗೆ ಹಾಕಿದ್ದು ಯಾರು ಅಂತ ಮಗ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಅದಕ್ಕಿಂತ ಉರಿದದ್ದು ಪಿಂಚಣಿ. ಆ ರಾಜ್ಯದಲ್ಲಿ ನೌಕರ ತನ್ನ ಸಂಬಳದ ಶೇ 6 ಕಟ್ಟುತ್ತಾನೆ, ಐದು ವರ್ಷ ಸರ್ವೀಸು ತುಂಬಿದರೆ ಮಾತ್ರ ಪಿಂಚಣಿಯ ಹಕ್ಕು. ಮಗನದ್ದು ನಾಲ್ಕು ವರ್ಷ ಹನ್ನೊಂದು ತಿಂಗಳು. ತಾನು ಕಟ್ಟಿದ್ದು ಬಡ್ಡಿ ಸಮೇತ ಬಂತು, ಅಷ್ಟೇ. ನಗದಾಗಿ ತೆಗೆದುಕೊಂಡಿದ್ದರೆ ತೆರಿಗೆಯ ಮೇಲೆ ಶೇ 10 ದಂಡ ಬೇರೆ. ಅದನ್ನು ನೇರ ಐಆರ್‌ಎ ಅನ್ನುವ ನಿವೃತ್ತಿ ಉಳಿತಾಯ ಖಾತೆಗೆ ವರ್ಗ ಮಾಡಿಸಿದೆ. ಈ ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಇಂಥ ಹೊತ್ತಿನಲ್ಲಿ ಮಗ ಬ್ರಾಡ್ ಸ್ಟೀವನ್ಸ್ ಕಥೆ ತೆಗೆಯುತ್ತಾನೆ. 2000ದಲ್ಲಿ ಔಷಧ ಕಂಪನಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಟ್ಲರ್ ವಿಶ್ವವಿದ್ಯಾಲಯದ ತಂಡ ಸೇರಿದವರು ಅವರು. ಮೂವತ್ತನೇ ವಯಸ್ಸಿಗೆ ಹೆಡ್ ಕೋಚ್ ಆದರು. ನಾನು ಟಾಮಿ ಲಾಯ್ಡ್ ಹೆಸರು ಹೇಳುತ್ತೇನೆ. ಗೊನ್ಜಾಗ ವಿಶ್ವವಿದ್ಯಾಲಯದಲ್ಲಿ 2001ರಿಂದ 2021ರ ತನಕ ಸಹಾಯಕರಾಗಿದ್ದು, ಆಮೇಲೆ ಅರಿಜೋನಾದ ಹೆಡ್ ಕೋಚ್. ಆ ಇಪ್ಪತ್ತು ವರ್ಷವೂ ಅವರ ಮೇಲಿನ ಕುರ್ಚಿಯಲ್ಲಿ ಮಾರ್ಕ್ ಫ್ಯೂ ಅಲುಗಾಡದೆ ಕೂತಿದ್ದರು. ಲಾಯ್ಡ್ ತಾಳ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಕಾಣುವುದು ಆ ಕುರ್ಚಿ. ಈಗಂತೂ ಕಾಯುವವರ ಸಾಲು ಇನ್ನೂ ಉದ್ದ, 2023ರಿಂದ ಮೇಲ್ದರ್ಜೆಯ ಡಿವಿಷನ್ ಒನ್ ತಂಡಕ್ಕೆ ಮೂವರ ಬದಲು ಐವರು ಸಹಾಯಕರು ಇರಬಹುದು.

ಜೂನ್‌ನಲ್ಲಿ ಒಹಾಯೊದಲ್ಲಿ ಕೆಲಸ ಸಿಕ್ಕಿತು. ಸಾಮಾನು ಸಾಗಿಸಲು ಕಾಲೇಜು 6,000 ಡಾಲರ್ ಕೊಟ್ಟಿತು. 2018ರಿಂದ ಅದೂ ಸಂಬಳದ ಲೆಕ್ಕವೇ, ತೆರಿಗೆ ಹಿಡಿದು ಕೈಗೆ ಬಂದದ್ದು ನಾಲ್ಕು ಚಿಲ್ಲರೆ ಸಾವಿರ. ಸೊಸೆ ಎರಡನೇ ಕ್ಲಾಸಿನ ಟೀಚರು. ರಾಜ್ಯ ಬದಲಾದರೆ ಲೈಸೆನ್ಸಿಗೆ ಹೊಸದಾಗಿ ಅರ್ಜಿ ಹಾಕಬೇಕು, ಅವಳಿಗೆ ಶಾಲೆ ಸಿಗುವುದರಲ್ಲಿ ನಾಲ್ಕು ತಿಂಗಳ ಸಂಬಳ ಹೋಯಿತು. ಗಂಡನ ಸಂಬಳ ಆರು ಸಾವಿರ ಜಾಸ್ತಿಯಾಗಿದೆ ಅಂತ ನೆಂಟರಿಗೆ ಹೇಳುವಾಗ ಈ ಬಾಬತ್ತನ್ನು ಯಾರೂ ಕಳೆಯುವುದಿಲ್ಲ.

ಈ ಸಲ ಮಗನ ಆಫರ್ ಲೆಟರನ್ನು ಪಕ್ಕಕ್ಕಿಟ್ಟು ಮೊದಲು ಅವನ ಹೆಡ್ ಕೋಚ್‌ನ ಕರಾರು ತರಿಸಿ ಓದಿದೆ. ಸರ್ಕಾರಿ ವಿಶ್ವವಿದ್ಯಾಲಯ, ಕೇಳಿದರೆ ಸಿಕ್ಕಿತು. ಎಲ್ಲಿಯ ತನಕ, ನಡುವೆ ತೆಗೆದರೆ ಕಾಲೇಜಿಗೆ ಎಷ್ಟು ಹೊರೆ, ಎಲ್ಲ ಗುರುತು ಹಾಕಿಕೊಂಡೆ. ಬೈಔಟ್ ದೊಡ್ಡದಿದ್ದಷ್ಟೂ ಅವರನ್ನು ತೆಗೆಯಲು ಕಾಲೇಜು ಹಿಂದೆ ಮುಂದೆ ನೋಡುತ್ತದೆ, ಅಷ್ಟು ದಿನ ನನ್ನ ಮಗನ ಅನ್ನಕ್ಕೆ ಮೋಸವಿಲ್ಲ. ಮನೆ ಬಾಡಿಗೆಯದ್ದು, ಎರಡು ರೂಮು. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿದೆ, ಅದಕ್ಕೆ ಸೊಸೆ ಇಟ್ಟ ಹೆಸರು 'ಮಾರ್ಚ್'.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. "ಈಗಲಾದ್ರೂ ಪರ್ಮನೆಂಟ್ ಆಯ್ತಾ?"

"2029ರ ತನಕ ಚಿಕ್ಕಪ್ಪ," ಅಂದೆ. "ಅವನ ಸಾಹೇಬರು ಗೆಲ್ತಾ ಇದ್ರೆ."