ಮಾತ್ರೆ ಡಬ್ಬಿ ಊರಲ್ಲಿ, ಮೊಬೈಲ್ ಮೈಸೂರಲ್ಲಿ

ಗುಂಡ್ಲುಪೇಟೆ ಸುತ್ತಿನ ಊರುಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳಿವೆ. ಮಕ್ಕಳು ಮೈಸೂರು, ಬೆಂಗಳೂರಿನಲ್ಲಿ. ಅಂಥವರಿಗೆ ಹೊತ್ತಿಗೆ ಸರಿಯಾಗಿ ಸದ್ದು ಮಾಡಿ ಆ ಹೊತ್ತಿನ ಮಾತ್ರೆಯನ್ನಷ್ಟೇ ಕೊಡುವ, ತೆಗೆಯದಿದ್ದರೆ ಮಕ್ಕಳ ಮೊಬೈಲಿಗೆ ತಿಳಿಸುವ ಡಬ್ಬಿ ನಿಜಕ್ಕೂ ಆಸರೆ. ದೂರದಿಂದ ರೋಗಿಯನ್ನು ನೋಡಿಕೊಳ್ಳುವುದು ಗುಂಡ್ಲುಪೇಟೆ ಇರುವ ಚಾಮರಾಜನಗರ ಜಿಲ್ಲೆಗೆ ಹೊಸತೂ ಅಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಇಲ್ಲಿನ ಜಿಲ್ಲಾಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಕಲ್ಪಿಸಲಾಗಿತ್ತು.

ಕೊಳ್ಳುವ ಮೊದಲು, ಡಬ್ಬಿ ಇಡುವ ಜಾಗದಲ್ಲೇ ನಿಂತು ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ ನೋಡಿ. ಬಂಡೀಪುರದ ಕಾಡಂಚಿನ ಊರುಗಳಲ್ಲಿ ಇದನ್ನು ಬಿಡಲೇಬೇಡಿ. ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ನಡೆಯುತ್ತದೆಯೇ ಎಂದೂ ವಿಚಾರಿಸಿ.

ಆಮೇಲೆ ಎಲ್ಲ ಚೀಟಿಗಳನ್ನೂ ಒಬ್ಬರೇ ವೈದ್ಯರಿಗೆ ತೋರಿಸಿ ಒಂದೇ ಪಟ್ಟಿ ಬರೆಸಿಕೊಳ್ಳಿ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಬಿಪಿ ಮಾತ್ರೆ ಎರಡು ಸಲ ಸೇರಿರಬಹುದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಮೆಟ್‌ಫಾರ್ಮಿನ್ ಊಟದ ಜೊತೆ. ಆದ್ದರಿಂದ ಮನೆಯಲ್ಲಿ ಮುದ್ದೆ ಉಣ್ಣುವ ನಿಜವಾದ ಹೊತ್ತು ನೋಡಿಕೊಂಡೇ ಅಲಾರಂ ಇಡಿ.

ತುಂಬುವಾಗ ಕೈ ಒಣಗಿರಲಿ. ಎಲ್ಲವನ್ನೂ ಡಬ್ಬಿಗೆ ಸುರಿಯಬಾರದು. ಫಿಟ್ಸ್‌ಗೆ ಕೊಡುವ ಸೋಡಿಯಂ ವ್ಯಾಲ್‌ಪ್ರೊಯೇಟ್ ತೇವ ಹೀರಿಕೊಳ್ಳುತ್ತದೆ, ಅದು ಸ್ಟ್ರಿಪ್‌ನಲ್ಲೇ ಇರಲಿ. ಎದೆನೋವು ಬಂದಾಗ ನಾಲಿಗೆ ಕೆಳಗಿಡುವ ಮಾತ್ರೆ ಡಬ್ಬಿಯೊಳಗೆ ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಅದು ಕೈಗೆಟಕುವಂತೆ ಹೊರಗಿರಬೇಕು.

ಇನ್ನು ಮುಖ್ಯವಾದ ಮಾತು. ಡಬ್ಬಿಗೆ ಗೊತ್ತಾಗುವುದು ಮಾತ್ರೆ ತೆಗೆದದ್ದು ಮಾತ್ರ, ನುಂಗಿದ್ದಲ್ಲ. ಸಂದೇಶ ಬಂದಾಗ ಬೆಂಗಳೂರಿನ ಮಗ ಮಾಡಬಹುದಾದದ್ದು ಒಂದು ಫೋನ್. ಅಪ್ಪ ಎತ್ತದಿದ್ದರೆ? ಬಾಗಿಲು ತಟ್ಟಲು ಪಕ್ಕದ ಮನೆಯವರೊಬ್ಬರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ, ಅವರ ನಂಬರನ್ನೂ ಡಬ್ಬಿಯ ಆ್ಯಪ್‌ಗೆ ಸೇರಿಸಿ. ಇಂಥ ಒಬ್ಬರು ಸಿಗದಿದ್ದರೆ ಡಬ್ಬಿಗೆ ದುಡ್ಡು ಹಾಕಬೇಡಿ ಎಂದೇ ನಾನು ಹೇಳುತ್ತೇನೆ. ತಪ್ಪಿದ ಮಾತ್ರೆಯನ್ನು ಮುಂದಿನ ಹೊತ್ತಿನದರ ಜೊತೆ ಸೇರಿಸಿ ನುಂಗಿಸುವುದಂತೂ ಕೂಡದು.

ಮಾತ್ರೆಯ ಜೊತೆಗೆ ಮನೆಯಲ್ಲೇ ಬಿಪಿಯನ್ನೂ ನೋಡುವುದಾದರೆ, ಅದಕ್ಕೆ ಮುನ್ನ ಐದು ನಿಮಿಷ ಒರಗಿ ಕೂರಲಿ, ತೋಳಿಗೆ ಸುತ್ತುವ ಪಟ್ಟಿ ಎದೆಯ ಮಟ್ಟದಲ್ಲಿರಲಿ. ಬಂದ ಅಂಕಿಗಳನ್ನು ಬರೆದಿಟ್ಟರೆ ಸರ್ಕಾರದ ಆನ್‌ಲೈನ್ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ಮಾತಾಡುವಾಗ ಅನುಕೂಲ. ಬಿಪಿ 180/120 ದಾಟಿ ಎದೆನೋವು, ಉಬ್ಬಸ ಅಥವಾ ಮಾತು ತೊದಲುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಶುಗರ್ 70ಕ್ಕಿಂತ ಇಳಿದು, ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108.

ವೈದ್ಯರು ಮಾತ್ರೆ ಬದಲಿಸಿದ ದಿನವೇ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ಹೊಸ ಪಟ್ಟಿ ಎದುರಿಗಿಟ್ಟುಕೊಂಡು ಮತ್ತೆ ತುಂಬಿ.